ಹತ್ತನೇ ಕ್ಲಾಸಿನ ಬೀಳ್ಕೊಡುಗೆಗೆ ಏನು ಮಾತಾಡಲಿ?

ಮಡಿಕೇರಿ ಹುಡುಗಿ: ನಾಡಿದ್ದು ನಮ್ಮ ಬೀಳ್ಕೊಡುಗೆ, ಕ್ಲಾಸಿನ ಪರವಾಗಿ ನಾನೇ ಮಾತಾಡಬೇಕಂತೆ. ಜುಲೈನ ಮಳೆ ರಜೆ, ಅದನ್ನು ಸರಿದೂಗಿಸೋಕೆ ಶನಿವಾರ ಮಧ್ಯಾಹ್ನವೂ ನಡೆದ ಕ್ಲಾಸು, ಒದ್ದೆ ಸಾಕ್ಸಿನ ವಾಸನೆ, ಇದನ್ನೆಲ್ಲ ಹೇಳಿದರೆ ಟೀಚರ್‌ಗಳು ಬೈತಾರಾ?

ಕೊನೇ ಬೆಂಚು: ಸಾಕ್ಸ್ ಖಂಡಿತ ಹೇಳಿ! 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಾವು ಹತ್ತನೇ ಕ್ಲಾಸು. ನನ್ನ ಪಕ್ಕ ಕೂರುತ್ತಿದ್ದವನ ಮನೆಯೇ ಹೋಯಿತು, ಪುಸ್ತಕ ಒಂದೂ ಉಳಿಯಲಿಲ್ಲ, ನಾವೆಲ್ಲ ಹಂಚಿಕೊಂಡು ಅವನಿಗೆ ನೋಟ್ಸ್ ಬರೆದುಕೊಟ್ಟೆವು. ಬೀಳ್ಕೊಡುಗೆ ದಿನ ಅವನು ಮೈಕ್ ಹಿಡಿದು, ‘ನಿಮ್ಮ ಅಕ್ಷರ ಓದೋಕೇ ಆಗಲ್ಲ ಕಣ್ರೋ’ ಅಂದ. ಬೇರೆ ಭಾಷಣ ಒಂದೂ ನೆನಪಿಲ್ಲ.

ತೋಟದಮನೆ: ಸುಮ್ನೆ ಉದ್ದ ಎಳೀಬೇಡ ಮಗಳೇ. ಬಿಸಿಯೂಟ ಬಡಿಸಿದ ಅಕ್ಕನ ಹೆಸರು ಹೇಳು, ಎಲ್ಲರೂ ಮರೆಯೋದು ಅವರನ್ನೇ.

ಮಡಿಕೇರಿ ಹುಡುಗಿ: ಅಯ್ಯೋ, ನಾನೂ ಬಿಟ್ಟಿದ್ದೆ! ಥ್ಯಾಂಕ್ಸ್ ಆಂಟಿ.