ಅಪಘಾತಕ್ಕೊಳಗಾದ ಹಳೆಯ ಮಾರುತಿ 800: ರಿಪೇರಿ ಮಾಡಿಸುವುದೋ, ಬೀಳ್ಕೊಡುವುದೋ?

ಪ್ರಶ್ನೆ: ಕಲ್ಲಹಳ್ಳಿಯ ಮಗಳು, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ 2004ರ ಮಾರುತಿ 800 ಕಾರು ಕಳೆದ ವಾರ ಮುಸ್ಸಂಜೆಯಲ್ಲಿ ಮದ್ದೂರು–ಕೆ.ಎಂ. ದೊಡ್ಡಿ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರೈಲರ್‌ಗೆ ಹಿಂದಿನಿಂದ ಡಿಕ್ಕಿಯಾಯಿತು. ಟ್ರೈಲರ್ ರಸ್ತೆಯ ಮೇಲೆಯೇ ನಿಂತಿತ್ತು. ಅದರ ಹಿಂದೆ ದೀಪವೂ ಇರಲಿಲ್ಲ, ರಿಫ್ಲೆಕ್ಟರೂ ಇರಲಿಲ್ಲ. ದೇವರ ದಯೆಯಿಂದ ತಂದೆಯವರಿಗೆ ಸೀಟ್ ಬೆಲ್ಟ್ ಒತ್ತಿ ಎದೆ ಕಂದಿದ್ದು ಮತ್ತು ಮಣಿಕಟ್ಟು ಉಳುಕಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಆದರೆ ಕಾರಿನ ಎಡ ಮುಂಭಾಗ ಪೂರ್ತಿ ಜಜ್ಜಿಹೋಗಿದೆ. ಬಾನೆಟ್ ಮಡಚಿಕೊಂಡಿದೆ, ರೇಡಿಯೇಟರ್ ಎಂಜಿನ್‌ಗೆ ಅಂಟಿಕೊಂಡಿದೆ, ಮುಂಚಕ್ರ ಹಿಂದಕ್ಕೆ ಸರಿದಿದೆ, ಆ ಬದಿಯ ಬಾಗಿಲನ್ನು ತೆರೆದರೆ ಮತ್ತೆ ಮುಚ್ಚಲು ಬರುವುದಿಲ್ಲ.

ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ. ಐಡಿವಿ, ಅಂದರೆ ವಿಮೆಯಲ್ಲಿ ಕಾರಿಗೆ ನಿಗದಿಯಾದ ಬೆಲೆ, 60,000 ರೂಪಾಯಿ. ಗ್ಯಾರೇಜಿನವರು ಕೊಟ್ಟ ಅಂದಾಜು 1,10,000 ರೂಪಾಯಿ. ಸರ್ವೇಯರ್ ಬಂದು ನೋಡಿ, ಇದು ಟೋಟಲ್ ಲಾಸ್ (ರಿಪೇರಿಗೆ ತಕ್ಕದ್ದಲ್ಲ) ಎಂದು ಹೇಳಿ ಹೋಗಿದ್ದಾರೆ. ತಂದೆಯವರು ಮಾತ್ರ ಒಪ್ಪುತ್ತಿಲ್ಲ. "ಒಂದು ದಿನವೂ ದಾರಿಯಲ್ಲಿ ನಮ್ಮ ಕೈಬಿಡದ ಗಾಡಿಯನ್ನು ಏಟು ತಿಂದ ಮಾತ್ರಕ್ಕೆ ಗುಜರಿಗೆ ಹಾಕುವುದೇ?" ಎಂದು ಕೇಳುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ತಂಗಿಯ ಲಗ್ನಪತ್ರಿಕೆಗಳನ್ನು ನಾಗಮಂಗಲದವರೆಗೂ ಹಂಚಿ ಬಂದದ್ದು ಇದೇ ಕಾರಿನಲ್ಲಿ. ಅಮ್ಮನ ಕೊನೆಯ ವರ್ಷಗಳಲ್ಲಿ ಡಯಾಲಿಸಿಸ್‌ಗೆಂದು ಮೈಸೂರಿಗೆ ಕರೆದುಕೊಂಡು ಹೋಗಿ ಬರುತ್ತಿದ್ದದ್ದೂ ಇದರಲ್ಲಿಯೇ. ಅಮ್ಮ ತಾವೇ ಹಳೆಯ ಸೀರೆಯಿಂದ ಹೊಲಿದುಕೊಂಡಿದ್ದ ದಿಂಬು ಎಡಗಡೆಯ ಸೀಟಿನ ಮೇಲೆ ಇಂದಿಗೂ ಇದೆ. ಈಗ ಏಟು ಬಿದ್ದಿರುವುದೂ ಅದೇ ಬದಿಗೆ.

ನಾನು ಕೇಳಬೇಕಾದದ್ದು ಎರಡು ವಿಷಯ. ಹಣವನ್ನು ಲೆಕ್ಕಿಸದೆ ರಿಪೇರಿ ಮಾಡಿಸಿದರೆ ಕಾರು ನಿಜವಾಗಿಯೂ ಮೊದಲಿನಂತೆ ಭದ್ರವಾಗುತ್ತದೆಯೇ? ಬೀಳ್ಕೊಡುವುದೇ ಸರಿಯಾದರೆ, ಯಾರೋ ಒಯ್ದು ಏನೋ ಮಾಡಿದರು ಎನ್ನುವಂತಾಗದೆ, ಅದನ್ನು ಗೌರವದಿಂದ ಕಳಿಸಿಕೊಡುವ ದಾರಿ ಯಾವುದು?

ಉತ್ತರ: ಬನ್ನಿಮಂಟಪದ ಗ್ಯಾರೇಜಿನವನು, ಮೈಸೂರು

ತಂಗಿ, ನಿಮ್ಮ ತಂದೆಯವರು ಕ್ಷೇಮವಾಗಿರುವುದು ಎಲ್ಲಕ್ಕಿಂತ ಮೊದಲ ಸಮಾಧಾನ. ನಾನು ಕೆಲಸ ಕಲಿತದ್ದೇ ಮಾರುತಿ 800 ಕಾರುಗಳ ಮೇಲೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಕಾರು ಅದು. ಅದರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್‌ಗೆ ಇಂದಿಗೂ ಬಿಡಿಭಾಗ ಸಿಗುತ್ತದೆ. ಕೆಟ್ಟಿರುವುದು ಎಂಜಿನ್ ಆಗಿದ್ದರೆ, ಗೇರ್‌ಬಾಕ್ಸ್ ಆಗಿದ್ದರೆ, ಖರ್ಚಾದರೂ ಮಾಡಿಸಿ ಎಂದೇ ಹೇಳುತ್ತಿದ್ದೆ. ನಿಮ್ಮ ಕಾರಿನಲ್ಲಿ ಹೋಗಿರುವುದು ಅದರ ಮೈಕಟ್ಟು.

ಜೀಪಿನಲ್ಲಿರುವಂತೆ ಈ ಕಾರಿಗೆ ಪ್ರತ್ಯೇಕವಾದ ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಇಲ್ಲ. ಕಾಲಡಿಯ ನೆಲ, ಮುಂದಿನ ಏಪ್ರನ್ (ಎಂಜಿನ್ ಅಕ್ಕಪಕ್ಕದ ತಗಡು), ಗಾಜಿನ ಪಕ್ಕದ ಕಂಬಗಳು, ಮೇಲ್ಛಾವಣಿ ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡು ಒಟ್ಟಾಗಿ ಭಾರ ಹೊರುತ್ತವೆ. ಮುಂಚಕ್ರ ಹಿಂದಕ್ಕೆ ಸರಿದು ಬಾಗಿಲು ಮುಚ್ಚದಂತಾಗಿದೆ ಎಂದರೆ ಏಟು ಏಪ್ರನ್ ದಾಟಿ ಬಾಗಿಲಿನ ಕಂಬಕ್ಕೆ ತಲುಪಿದೆ ಎಂದರ್ಥ. ನೀವೇ ಪರೀಕ್ಷಿಸಿ ನೋಡಬಹುದು. ಎಡಗಡೆ ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ, ತಗಡಿನಲ್ಲಿ ನೆರಿಗೆ ಬಿದ್ದಿದೆಯೇ ಎಂದು ಕೈಯಾಡಿಸಿ. ಮುಂದಿನ ಗಾಜಿನ ಮೇಲ್ಮೂಲೆಯಲ್ಲಿ ರಬ್ಬರ್ ಎದ್ದಿದೆಯೇ, ಛಾವಣಿಯ ಅಂಚಿನಲ್ಲಿ ಬಣ್ಣ ಬಿರುಕು ಬಿಟ್ಟಿದೆಯೇ ಎಂದೂ ನೋಡಿ. ಇವುಗಳಲ್ಲಿ ಎರಡು ಕಂಡರೂ ಸಾಕು, ಬೇರೆ ಸಾಕ್ಷಿ ಬೇಕಾಗಿಲ್ಲ.

ಸರಪಳಿ ಕಟ್ಟಿ ಎಳೆದು, ಬೆಸುಗೆ ಹಾಕಿ, ತಗಡು ಕೆಲಸ ಮುಗಿಸಿ ಬಣ್ಣ ಹೊಡೆದರೆ ಕಾರು ಮಿರಮಿರ ಮಿಂಚುತ್ತದೆ. ಆದರೆ ಒಮ್ಮೆ ಬಾಗಿಸಿ ನೆಟ್ಟಗೆ ಮಾಡಿದ ತಂತಿ ಮತ್ತೆ ಅದೇ ಜಾಗದಲ್ಲಿ ಮುರಿಯುವಂತೆ, ಎಳೆದು ನೆಟ್ಟಗೆ ಮಾಡಿದ ತಗಡೂ ಮುಂದಿನ ಹೊಡೆತವನ್ನು ತಡೆಯುವುದಿಲ್ಲ. ಇಪ್ಪತ್ತು ವರ್ಷದ ತುಕ್ಕು ಬೇರೆ. ಅಲೈನ್‌ಮೆಂಟ್ ಎಷ್ಟು ಬಾರಿ ಮಾಡಿಸಿದರೂ ನಿಲ್ಲುವುದಿಲ್ಲ, ಟೈರಿನ ಒಳ ಅಂಚು ಸವೆಯುತ್ತದೆ, ಬ್ರೇಕ್ ಒತ್ತಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಏರ್‌ಬ್ಯಾಗ್ ಇಲ್ಲದ ಇಂಥ ಕಾರಿನಲ್ಲಿ ಕೂತವರಿಗೆ ಸೀಟ್ ಬೆಲ್ಟ್ ಬಿಟ್ಟರೆ ಈ ತಗಡೇ ರಕ್ಷಣೆ. ಅದು ಮಡಚಿಕೊಂಡದ್ದರಿಂದಲೇ ಹೊಡೆತದ ಜೋರು ನಿಮ್ಮ ತಂದೆಯವರವರೆಗೆ ಪೂರ್ತಿಯಾಗಿ ಬರಲಿಲ್ಲ. ದಯವಿಟ್ಟು ರಿಪೇರಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಉತ್ತರ: ಕುವೆಂಪುನಗರದ ಓದುಗ, ಮೈಸೂರು

ಗ್ಯಾರೇಜಿನ ಸಹೋದರರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ವಿಮಾ ಕ್ಷೇತ್ರದಲ್ಲಿ ಕೆಲಸ ಮಾಡಿ ನಿವೃತ್ತನಾದ ನಾನು ಕಾಗದಪತ್ರಗಳ ವಿಷಯವನ್ನಷ್ಟೇ ಹೇಳುತ್ತೇನೆ. ಗೌರವದ ಬೀಳ್ಕೊಡುಗೆ ಎಂದು ತಾವು ಕೇಳಿದ್ದರಲ್ಲಿ ಇದರ ಪಾಲು ದೊಡ್ಡದು.

ರಿಪೇರಿಯ ವೆಚ್ಚ ಐಡಿವಿಯ ಶೇಕಡಾ 75ನ್ನು ಮೀರಿದರೆ ವಿಮೆಯ ದೃಷ್ಟಿಯಲ್ಲಿ ಅದು ಟೋಟಲ್ ಲಾಸ್. ತಮ್ಮ ಲೆಕ್ಕದಲ್ಲಿ ಆ ಗಡಿ 45,000 ರೂಪಾಯಿ. ಆದ್ದರಿಂದ ಸರ್ವೇಯರ್ ಹೇಳಿದ್ದು ಸರಿಯಾಗಿದೆ. ಈಗ ತಮ್ಮ ಮುಂದೆ ಎರಡು ದಾರಿಗಳಿವೆ. ಕಾರನ್ನು ಇದ್ದ ಸ್ಥಿತಿಯಲ್ಲಿ ಕಂಪನಿಯ ಮೂಲಕ ಹರಾಜಿನಲ್ಲಿ ಕೊಂಡವರಿಗೆ ಒಪ್ಪಿಸಿ, ಕಡ್ಡಾಯ ಕಡಿತದ (ಕ್ಲೇಮಿನಲ್ಲಿ ಮಾಲೀಕರೇ ಭರಿಸಬೇಕಾದ) 1,000 ರೂಪಾಯಿ ಕಳೆದು ಉಳಿದ ಮೊತ್ತ ಪಡೆಯುವುದು ಒಂದು. ಅದರ ಜೊತೆಗೆ ಗುಜರಿ ಬೆಲೆಯನ್ನೂ ಕಳೆದು ಉಳಿದ ಮೊತ್ತ ಪಡೆದು, ಕಾರನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಕೈಗೆ ಹೆಚ್ಚು ಹಣ ಬರುತ್ತದೆ. ಹಾಗಿದ್ದರೂ ನಾನು ಎರಡನೆಯದನ್ನೇ ಹೇಳುತ್ತೇನೆ, ಅದಕ್ಕೆ ಕಾರಣವಿದೆ. ಜಜ್ಜಿದ ಕಾರಿಗೆ ಅದರ ಲೋಹದ ಬೆಲೆಗಿಂತ ಹೆಚ್ಚು ಕೊಡುವವರಲ್ಲಿ ಕೆಲವರಿಗೆ ಬೇಕಾಗಿರುವುದು ಆರ್‌ಸಿ (ನೋಂದಣಿ ಪತ್ರ) ಮತ್ತು ಕಾರಿನ ಮೈಮೇಲೆ ಕೊರೆದಿರುವ ಚಾಸಿ ನಂಬರ್. ಕದ್ದ ಕಾರಿಗೆ ಅದನ್ನು ಅಂಟಿಸಿ ಮಾರುವ ದಂಧೆ ಪೊಲೀಸರಿಗೂ ಗೊತ್ತಿರುವಂಥದ್ದೇ. ದಾಖಲೆಯಲ್ಲಿ ಹೆಸರು ಯಾರದಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ತಮ್ಮ ತಂದೆಯವರ ಹೆಸರಿನಲ್ಲಿ ಅಂಥದೊಂದು ನೋಟಿಸ್ ಮನೆಗೆ ಬರುವುದು ಬೇಡ.

ಕಾರನ್ನು ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ತಾವೇ ಒಪ್ಪಿಸಿ. 2021ರ ನಿಯಮಗಳಂತೆ ಅವರು ಠೇವಣಿ ಪ್ರಮಾಣಪತ್ರ (ವಾಹನವನ್ನು ಗುಜರಿಗೆ ಒಪ್ಪಿಸಿದ್ದಕ್ಕೆ ದಾಖಲೆ) ಕೊಡುತ್ತಾರೆ. ಅದರ ಆಧಾರದ ಮೇಲೆ ಹೊಸ ವಾಹನ ಕೊಂಡರೆ ನೋಂದಣಿ ಶುಲ್ಕದ ವಿನಾಯಿತಿ ಇದೆ. ಮೋಟಾರು ವಾಹನ ಕಾಯ್ದೆ 1988ರ 55ನೇ ಕಲಮಿನ ಪ್ರಕಾರ, ವಾಹನ ಬಳಕೆಗೆ ಬಾರದಂತಾದರೆ ಮಾಲೀಕರು 14 ದಿನಗಳೊಳಗೆ ಅಥವಾ ಸಾಧ್ಯವಾದಷ್ಟು ಬೇಗ ಆರ್‌ಟಿಒ ಕಚೇರಿಗೆ ತಿಳಿಸಿ ಆರ್‌ಸಿಯನ್ನು ಒಪ್ಪಿಸಬೇಕು. ಆದ್ದರಿಂದ ಮಂಡ್ಯದ ಕಚೇರಿಗೆ ಈಗಲೇ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಫಾಸ್ಟ್ಯಾಗ್ ಇದ್ದರೆ ಅದನ್ನೂ ಮುಚ್ಚಿಸಿ. ಪೊಲೀಸ್ ದೂರು ದಾಖಲಾಗಿದ್ದರೆ ಟ್ರೈಲರ್‌ನವರ ವಿಮೆಯಿಂದ ನಷ್ಟ ಕೇಳಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಅದಕ್ಕೆ ಆರು ತಿಂಗಳ ಗಡುವಿದೆ, ಬೇಗ ವಕೀಲರನ್ನು ಕಾಣಿ.

ಕ್ಲೇಮ್ ಪಡೆದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಹೋಗುತ್ತದೆಂಬ ಅಳುಕು ಬೇಡ. ಅದು ಶೇಕಡಾ 50 ಇದ್ದರೂ, ಮುಂದಿನ ಕಾರಿನ ಪ್ರೀಮಿಯಂನ ಒಂದು ಭಾಗದ ಮೇಲಿನ ರಿಯಾಯಿತಿಗಿಂತ ಈಗ ಕೈಸೇರುವ ಹಣವೇ ಸಾಮಾನ್ಯವಾಗಿ ಹೆಚ್ಚು.

ಉತ್ತರ: ಕಾವೇರಿ ತೀರದವಳು, ಶ್ರೀರಂಗಪಟ್ಟಣ

ಇಬ್ಬರು ಹಿರಿಯರೂ ಹೇಳಿದ್ದು ಸರಿ. ಆದರೆ ಅಕ್ಕ, ಈ ಲೆಕ್ಕವನ್ನೆಲ್ಲ ತಂದೆಯವರ ಮುಂದೆ ಇಟ್ಟು ಒಪ್ಪಿಸಲು ಹೋಗಬೇಡಿ. ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ ಹೋದಾಗ ಅಣ್ಣಂದಿರು ಅಜ್ಜನಿಗೆ ಹೇಳದೆಯೇ ಅದನ್ನು ಟೋಯಿಂಗ್ ಗಾಡಿಗೆ ಹತ್ತಿಸಿ ಕಳಿಸಿಬಿಟ್ಟರು. ಅಜ್ಜ ಹಣದ ಬಗ್ಗೆ ಒಂದು ಮಾತೂ ಕೇಳಲಿಲ್ಲ; "ನನಗೊಂದು ಮಾತು ಹೇಳಬಾರದಿತ್ತೇ" ಎಂದು ಮಾತ್ರ ಬಹಳ ದಿನ ಕೇಳುತ್ತಿದ್ದರು. ಪ್ರತಿ ಆಯುಧಪೂಜೆಗೆ ತಾವೇ ತೊಳೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು ಪೂಜಿಸಿದ ಗಾಡಿಯನ್ನು ಕಳಿಸುವ ಹೊತ್ತಿಗೆ ಎದುರಿಗಿರುವ ಹಕ್ಕು ಅವರದು.

ಆದ್ದರಿಂದ ತಂದೆಯವರನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ. ಆ ಕಾರ್ಪೆಟ್ ಅವರೇ ಎತ್ತಿ ನೋಡಲಿ, ತೀರ್ಮಾನವೂ ಅವರದೇ ಆಗಲಿ. ಒಳಗಿನ ವಸ್ತುಗಳನ್ನು ಅವರ ಕೈಯಿಂದಲೇ ತೆಗೆಸಿ. ನೆನಪಿಗೆಂದು ನಂಬರ್ ಪ್ಲೇಟ್ ಇಟ್ಟುಕೊಳ್ಳುವ ಆಸೆ ಅನೇಕರಿಗೆ ಇರುತ್ತದೆ. ಈಗ ಕಾರಿನ ಮೇಲಿರುವ ಎಚ್‌ಎಸ್‌ಆರ್‌ಪಿ (ಹೊಸ ಭದ್ರತಾ ನಂಬರ್ ಪ್ಲೇಟ್) ಫಲಕವನ್ನು ನಿಯಮದಂತೆ ಒಪ್ಪಿಸಿಬಿಡಿ. ಅದನ್ನು ಹಾಕಿಸುವಾಗ ಬಿಚ್ಚಿದ ಹಳೆಯ ಫಲಕ ಅಟ್ಟದ ಮೇಲೆ ಇದ್ದರೆ ಅದನ್ನು ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ: ಕಲ್ಲಹಳ್ಳಿಯ ಮಗಳು, ಮಂಡ್ಯ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ತಂದೆಯವರನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿದ್ದೆ. ಕಾರ್ಪೆಟ್ ಅವರೇ ಎತ್ತಿದರು. ತಗಡು ಎರಡು ಕಡೆ ಮಡಿಕೆಯಾಗಿ ಎದ್ದಿತ್ತು, ಒಂದು ಮಡಿಕೆ ಸೀಳಿ ಕೆಳಗಿನ ನೆಲ ಕಾಣುತ್ತಿತ್ತು. ಬೆರಳಾಡಿಸಿ ನೋಡಿ, "ಇಷ್ಟು ಪೆಟ್ಟು ತಾನು ತಿಂದಿದೆ, ಇನ್ನು ದುಡಿಸುವುದು ನ್ಯಾಯವಲ್ಲ" ಎಂದರು. ಅಮ್ಮನ ದಿಂಬನ್ನೂ ಡ್ಯಾಶ್‌ಬೋರ್ಡಿನ ಚಾಮುಂಡೇಶ್ವರಿಯ ಪಟವನ್ನೂ ತಾವೇ ತೆಗೆದುಕೊಂಡರು. ಹಣ ಕಡಿಮೆ ಬಂದರೂ ಚಿಂತೆಯಿಲ್ಲ, ನಂಬರ್ ಇನ್ನೊಬ್ಬರ ಕೈಸೇರಬಾರದು ಎಂದು ಗುಜರಿ ಕೇಂದ್ರದ ದಾರಿಯನ್ನೇ ಆರಿಸಿದ್ದಾರೆ. ಆರ್‌ಟಿಒ ಕಚೇರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ, ಫಾಸ್ಟ್ಯಾಗ್ ಮುಚ್ಚಿಸಿದ್ದೇವೆ. ಕಾರು ಹೊರಡುವ ದಿನ ಅವರೂ ಜೊತೆಯಲ್ಲಿ ಬರುತ್ತಾರೆ.

ಈಗ ತಂದೆಯವರ ಮನಸ್ಸೆಲ್ಲ ಆ ಟ್ರೈಲರ್ ಮೇಲಿದೆ. ಟ್ರೈಲರ್‌ಗಳ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು 1989ರಿಂದಲೂ ಹೇಳುತ್ತಿವೆ. ಹಾಗಿದ್ದರೂ ಕಬ್ಬು ಕಟಾವಿನ ದಿನಗಳಲ್ಲಿ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಕತ್ತಲಾದ ಮೇಲೆ ಎದುರಾಗುವುದೇನೆಂದು ಇಲ್ಲಿನ ಎಲ್ಲರಿಗೂ ಗೊತ್ತು. ರಿಫ್ಲೆಕ್ಟರ್ ಪಟ್ಟಿ ಇಲ್ಲದ ಟ್ರೈಲರನ್ನು ಸಕ್ಕರೆ ಕಾರ್ಖಾನೆಗಳಲ್ಲಿ ಲೋಡು ತೂಗುವ ಜಾಗದಲ್ಲೇ ತಡೆದು, ಪಟ್ಟಿ ಅಂಟಿಸಿ ಕಳಿಸುವಂತೆ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡಲು ಅವರು ಕರಡು ಬರೆದಿದ್ದಾರೆ. ಮದ್ದೂರು, ಪಾಂಡವಪುರ, ಮಳವಳ್ಳಿ ಕಡೆಯವರು ಸಹಿ ಹಾಕಲು ಸಿದ್ಧರಿದ್ದರೆ ಇಲ್ಲಿಯೇ ತಿಳಿಸಿ. ಮುಂದಿನ ಸೋಮವಾರ ಮನವಿಯನ್ನು ಸಲ್ಲಿಸುತ್ತೇವೆ.