‘ಟ್ವೆಂಟಿ ಥೌಸಂಡ್ ಲೀಗ್ಸ್’ ಅರ್ಧಕ್ಕೇ ನಿಂತಿದೆ, ಮುಗಿಸಿದವರು ಹೇಗೆ ಓದಿದಿರಿ?

ಜೂಲ್ಸ್ ವರ್ನ್ ಬರೆದ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’ ಕಾದಂಬರಿಯನ್ನು ಎರಡು ಸಲ ಶುರುಮಾಡಿದೆ. ಎರಡು ಸಲವೂ ನೂರು ಪುಟ ದಾಟಲಿಲ್ಲ. ಕಥೆ ಜೋರಾಗಿ ಹೊರಡುತ್ತದೆ, ಆಮೇಲೆ ಪುಟಗಟ್ಟಲೆ ಬರೀ ಮೀನಿನ ಹೆಸರು. ಬೇಸಿಗೆ ರಜೆಯಲ್ಲಿ ಹನ್ನೊಂದು ವರ್ಷದ ಮಗಳ ಜೊತೆ ಕೂತು ಓದಬೇಕು ಅಂತ ಆಸೆ. ಪೂರ್ತಿ ಓದಿದವರು ದಯವಿಟ್ಟು ಹೇಳಿ.

*

ಮೊದಲು ಅದು ಯಾರ ಅನುವಾದ ಅಂತ ನೋಡಿ ಸರ್. ಮೂಲ ಇರುವುದು ಫ್ರೆಂಚ್‌ನಲ್ಲಿ. 1870ರ ದಶಕದಲ್ಲಿ ಲೂಯಿಸ್ ಮರ್ಸಿಯರ್ ಮಾಡಿದ ಇಂಗ್ಲಿಷ್ ಅನುವಾದವೇ ಇವತ್ತಿಗೂ ಎಷ್ಟೋ ಅಗ್ಗದ ಪ್ರತಿಗಳಲ್ಲಿ ಅಚ್ಚಾಗುತ್ತಿದೆ. ಅದರಲ್ಲಿ ತುಂಬಾ ಭಾಗ ಕತ್ತರಿಸಿ ಹಾಕಿದ್ದಾರೆ, ಉಳಿದದ್ದರಲ್ಲೂ ತಪ್ಪುಗಳಿವೆ. ನೀರಿನೊಳಗೇ ಓಡುವ ನಾಟಿಲಸ್ ಹಡಗಿನ ಅಳತೆಗಳನ್ನು ಅದರ ಒಡೆಯ ಕ್ಯಾಪ್ಟನ್ ನೀಮೋ ವಿವರಿಸುವ ಅಧ್ಯಾಯ ಇದೆಯಲ್ಲ, ಅಲ್ಲಿ ಉಕ್ಕಿನ ಸಾಂದ್ರತೆ ನೀರಿನ .07ರಿಂದ .08ರಷ್ಟು ಅಂತ ಬರೆದಿದ್ದಾರೆ. ಅಂದರೆ ಉಕ್ಕು ಬೆಂಡಿನ ಹಾಗೆ ತೇಲಬೇಕು! ಮೂಲದಲ್ಲಿ ಇರುವುದು 7.8 ಪಟ್ಟು. ನಾನು ಕಾಲೇಜಿನಲ್ಲಿ ಆ ಸಾಲಿಗೆ ಬಂದು ವರ್ನ್‌ಗೆ ವಿಜ್ಞಾನ ಗೊತ್ತಿಲ್ಲ ಅಂದುಕೊಂಡು ಪುಸ್ತಕ ಮುಚ್ಚಿಟ್ಟಿದ್ದೆ. ಎಂಟು ವರ್ಷ ಆದ ಮೇಲೆ ಎಫ್. ಪಿ. ವಾಲ್ಟರ್ ಅನುವಾದ ಓದಿದೆ, ಬೇರೆ ಪುಸ್ತಕವನ್ನೇ ಓದಿದ ಹಾಗಾಯಿತು. ಅದು ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಇ-ಪುಸ್ತಕಗಳ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

*

ನಾವು ಮಂಗಳೂರಿನವರು, ನಮ್ಮ ಮನೆಯಲ್ಲಿ ಇದನ್ನು ಗೋಡೆಗೆ ದೊಡ್ಡ ಭೂಪಟ ಅಂಟಿಸಿಕೊಂಡು ಓದಿದೆವು. ದಿನಕ್ಕೆ ಒಂದೇ ಅಧ್ಯಾಯ, ಓದಿ ಮುಗಿದ ಮೇಲೆ ಮಗ ಸ್ಕೆಚ್ ಪೆನ್ನಿನಲ್ಲಿ ಹಡಗಿನ ದಾರಿ ಎಳೆಯುತ್ತಿದ್ದ. ಇಪ್ಪತ್ತು ಸಾವಿರ ಲೀಗ್ ಅಂದರೆ ಆಳ ಅಂತ ತುಂಬಾ ಜನ ತಿಳಿದಿರುತ್ತಾರೆ. ಅದು ನೀರಿನೊಳಗೆ ಹೋದ ದೂರ. ಒಂದು ಲೀಗ್‌ಗೆ ನಾಲ್ಕು ಕಿಲೋಮೀಟರ್ ಹಿಡಿದರೆ 80,000 ಕಿಲೋಮೀಟರ್, ಭೂಮಿಗೆ ಎರಡು ಸುತ್ತು. ಸಿಲೋನ್ (ಈಗಿನ ಶ್ರೀಲಂಕಾ) ಬಿಟ್ಟ ಮೇಲೆ ಹಡಗು ಲಕ್ಷದ್ವೀಪದ ಕಿಲ್ತಾನ್ ಪಕ್ಕದಲ್ಲೇ ಹಾದುಹೋಗುತ್ತದೆ. ಅವತ್ತು ಮಗ ಪೆನ್ನು ಹಿಡಿದು ನಿಂತು, “ಇದು ನಮ್ಮ ಕಡಲಲ್ವಾ?” ಅಂದ. ಅಲ್ಲಿಂದ ಮುಂದೆ ಓದು ಅಂತ ನಾನು ಹೇಳಬೇಕಾಗಲೇ ಇಲ್ಲ.

ಮೀನಿನ ಪಟ್ಟಿಗೆ ಹೆದರಬೇಡಿ. ಕಥೆ ಹೇಳುವ ಪ್ರೊಫೆಸರ್‌ನ ಸಹಾಯಕ ಕಾನ್ಸೇ ಮೀನುಗಳ ಜಾತಿ, ಕುಟುಂಬ ಎಲ್ಲಾ ಬಾಯಿಪಾಠ ಒಪ್ಪಿಸುತ್ತಾನೆ. ಈಟಿಗಾರ ನೆಡ್ ಲ್ಯಾಂಡ್ ಲೆಕ್ಕದಲ್ಲಿ ಮೀನು ಎರಡೇ ಥರ, ತಿನ್ನುವಂಥದ್ದು, ತಿನ್ನಬಾರದ್ದು. ನಮ್ಮ ಅತ್ತೆ ಮೀನು ಮಾರ್ಕೆಟಿನಲ್ಲಿ ನೋಡುವುದೂ ಹಾಗೇ. ನೀವು ನೆಡ್ ಥರ ಓದಿ, ಬೇಕಾದ ಮೀನು ಹಿಡಿದುಕೊಂಡು ಉಳಿದದ್ದು ದಾಟಿಬಿಡಿ. ಆದರೆ ಕೆಂಪು ಸಮುದ್ರದ ಅಧ್ಯಾಯ ಮಾತ್ರ ಬಿಡಬೇಡಿ. ನೀಮೋ ಅಲ್ಲಿ ಮೀನುಗಳ ಬಾಲಕ್ಕೆ ತಾಮ್ರದ ಉಂಗುರ ಹಾಕಿ ಬಿಟ್ಟಿರುತ್ತಾನೆ. ಕೆಲವು ತಿಂಗಳ ಮೇಲೆ ಆ ಉಂಗುರದ ಮೀನುಗಳು ನೆಲದ ಆಚೆಗಿರುವ ಮೆಡಿಟರೇನಿಯನ್ ಸಮುದ್ರದಲ್ಲಿ, ಸಿರಿಯಾ ಕರಾವಳಿಯಲ್ಲಿ ಸಿಗುತ್ತವೆ. ಹಾಗಾದರೆ ನೆಲದಡಿ ಒಂದು ಸುರಂಗ ಇರಲೇಬೇಕು! ಸುರಂಗ ವರ್ನ್ ಕಲ್ಪನೆ, ಆದರೆ ಈ ಕಥೆ ಕಂತುಕಂತಾಗಿ ಬರುತ್ತಿದ್ದಾಗಲೇ, 1869ರ ನವೆಂಬರಿನಲ್ಲಿ, ಅದೇ ಎರಡು ಸಮುದ್ರ ಸೇರಿಸುವ ನಿಜವಾದ ಸೂಯೆಜ್ ಕಾಲುವೆ ತೆರೆಯಿತು.

*

ಮೇಲಿನವರು ಹೇಳಿದ್ದೆಲ್ಲ ಸರಿ, ನಾನಾಗಿದ್ದರೆ ಮಗಳಿಗೆ ಮೊದಲು ಮುತ್ತಿನ ಅಧ್ಯಾಯವನ್ನೇ ಓದಿ ಹೇಳುತ್ತಿದ್ದೆ. ಒಬ್ಬ ಬಡ ಮುಳುಗುಗಾರ ಕಾಲಿನ ನಡುವೆ ಕಲ್ಲು ಇಟ್ಟುಕೊಂಡು ಇಳಿಯುತ್ತಾನೆ, ಕೈಗೆ ಸಿಕ್ಕಷ್ಟು ಚಿಪ್ಪು ಕಿತ್ತು ಮೇಲೇರುತ್ತಾನೆ, ಮತ್ತೆ ಇಳಿಯುತ್ತಾನೆ. ಶಾರ್ಕ್ ಬರುತ್ತದೆ. ಮನುಷ್ಯರ ಸಹವಾಸವೇ ಬೇಡ ಅಂತ ನೀರು ಸೇರಿದ ನೀಮೋ ಬರೀ ಚೂರಿ ಹಿಡಿದು ಅದರ ಮೇಲೆ ಬೀಳುತ್ತಾನೆ! ಆಮೇಲೆ ಆ ಮನುಷ್ಯನ ಕೈಗೆ ಒಂದು ಚೀಲ ಮುತ್ತು ಇಡುತ್ತಾನೆ. ಯಾಕೆ ಅಂತ ಕೇಳಿದರೆ, ಅವನು ತುಳಿತಕ್ಕೊಳಗಾದ ನಾಡಿನವನು, ನಾನೂ ಉಸಿರಿರುವವರೆಗೆ ಅಂಥವರ ಕಡೆಯವನೇ ಅನ್ನುತ್ತಾನೆ.

ಈ ಮಾತಿನ ಗುಟ್ಟು ಬಿಚ್ಚುವುದು ವರ್ನ್‌ನ ‘ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ. ಗುಟ್ಟು ಈಗಲೇ ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ. ಅದರಲ್ಲಿ ನೀಮೋ ಬುಂದೇಲ್‌ಖಂಡದ ರಾಜಕುಮಾರ ದಕ್ಕರ್, 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದವನು, ನಮ್ಮ ಟಿಪ್ಪು ಸುಲ್ತಾನನ ಸಂಬಂಧಿ! ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಮತ್ತೆ ಎದ್ದು ಮುತ್ತಿನ ಅಧ್ಯಾಯ ತೆಗೆದೆ.

*

ಎಲ್ಲರಿಗೂ ಥ್ಯಾಂಕ್ಸ್. ನನ್ನ ಪ್ರತಿಯಲ್ಲಿ ಅನುವಾದಕರ ಹೆಸರೇ ಇಲ್ಲ, ಹಾಗಾಗಿ ಉಕ್ಕಿನ ಸಾಲು ಹುಡುಕಿದೆ. .07 ಅಂತಲೇ ಇದೆ. ವಾಲ್ಟರ್ ಅನುವಾದ ಇಳಿಸಿಕೊಂಡೆ. ಮಗಳು ಹಳೇ ಅಟ್ಲಾಸ್ ತೆಗೆದು ಕಿಲ್ತಾನ್ ಎಲ್ಲಿ ಅಂತ ಹುಡುಕುತ್ತಿದ್ದಾಳೆ.