ಜಾಲತಾಣಗಳ ಕೊಂಡಿ ಮತ್ತು ಅಥಾರಿಟಿ ಸ್ಕೋರ್‌ಗಳನ್ನು ಪೈಥಾನ್‌ನಿಂದ ತರಿಸಿಕೊಂಡವರು ಅನುಭವ ತಿಳಿಸಿ

ಪ್ರಶ್ನೆ

ಕನ್ನಡದ ಸಾಹಿತ್ಯ ಪತ್ರಿಕೆಗಳು, ಬ್ಲಾಗುಗಳು ಮತ್ತು ಜಾನಪದ ಸಂಗ್ರಹಗಳು ಸೇರಿ ಸುಮಾರು 180 ಜಾಲತಾಣಗಳ ಪಟ್ಟಿಯೊಂದನ್ನು ನಮ್ಮ ಬಳಗ ಸಿದ್ಧಪಡಿಸಿದೆ. ಪ್ರತಿಯೊಂದಕ್ಕೂ ಎಷ್ಟು ತಾಣಗಳಿಂದ ಕೊಂಡಿಗಳಿವೆ, ಅದರ ಅಥಾರಿಟಿ ಸ್ಕೋರ್ (ಕೊಂಡಿಗಳ ಆಧಾರದ ಮೇಲೆ ತಾಣದ ತೂಕವನ್ನು ಅಂದಾಜಿಸುವ ಅಂಕ) ಎಷ್ಟು ಎಂಬುದನ್ನು ಈಗ ಒಂದೊಂದೇ ವಿಳಾಸ ಅಂಟಿಸಿ ನೋಡುತ್ತಿದ್ದೇನೆ. ಪೈಥಾನ್ ಅಲ್ಪಸ್ವಲ್ಪ ಬಲ್ಲೆ. ಇದನ್ನು ಸ್ಕ್ರಿಪ್ಟಿನಿಂದ ಮಾಡಿದವರು ದಯವಿಟ್ಟು ದಾರಿ ತೋರಿಸಬೇಕು.

ಮೊದಲ ಉತ್ತರ

ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಉಚಿತವಾಗಿ ಸ್ಕೋರ್ ತೋರಿಸುವ ಪುಟವೊಂದನ್ನು ಜಾಲಪುಟ ತರಿಸುವ ಪೈಥಾನ್ ಲೈಬ್ರರಿಯಾದ ರಿಕ್ವೆಸ್ಟ್ಸ್‌ನಿಂದ ತೆರೆದು, ಎಚ್‌ಟಿಎಂಎಲ್ ಓದುವ ಲೈಬ್ರರಿಯಾದ ಬ್ಯೂಟಿಫುಲ್‌ಸೂಪ್‌ನಿಂದ ಅಂಕಿಯನ್ನು ಹೆಕ್ಕುವ ಸ್ಕ್ರಿಪ್ಟ್ ಬರೆದಿದ್ದೆ. ಮೂರು ವಾರ ಸರಿಯಾಗಿಯೇ ನಡೆಯಿತು. ಆಮೇಲೆ ಆ ಪುಟದ ಎಚ್‌ಟಿಎಂಎಲ್ ಬದಲಾಯಿತು. ಅಂಕಿ ಸಿಗದಿದ್ದರೆ ಸೊನ್ನೆ ಬರೆಯಬೇಕೆಂದು ದೋಷ ಎದುರಾದಾಗಿನ ಎಕ್ಸೆಪ್ಟ್ ಸಾಲಿನಲ್ಲಿ ನಾನೇ ಬರೆದಿಟ್ಟಿದ್ದರಿಂದ ಸ್ಕ್ರಿಪ್ಟ್ ಎಲ್ಲಿಯೂ ತಡವರಿಸದೆ ಅರ್ಧ ಪಟ್ಟಿಗೆ ಸೊನ್ನೆ ತುಂಬಿತು, ಆ ಪಟ್ಟಿಯನ್ನು ನಾನು ಸಭೆಯ ಮುಂದೆಯೂ ಇಟ್ಟೆ. ಅಂಥ ಪುಟಗಳ ಬಳಕೆಯ ನಿಯಮಗಳು ಸಾಮಾನ್ಯವಾಗಿ ಸ್ಕ್ರಿಪ್ಟುಗಳನ್ನು ಒಪ್ಪುವುದೂ ಇಲ್ಲ.

ಆದ್ದರಿಂದ ಎಪಿಐಯನ್ನೇ, ಅಂದರೆ ಸ್ಕ್ರಿಪ್ಟುಗಳು ಮಾಹಿತಿ ಕೇಳಲೆಂದೇ ಸೇವೆಗಳು ಕೊಡುವ ದಾರಿಯನ್ನೇ, ಹಿಡಿಯಿರಿ. ನಾನು ಆಮೇಲೆ ಬಳಸಿದ್ದು ಡೊಮೈನುಗಳಿಗೆ ಅಂಕ ಕೊಡುವ ಓಪನ್ ಪೇಜ್‌ರ‍್ಯಾಂಕ್. ಉಚಿತ ಕೀ (ಗುರುತಿನ ಸಂಕೇತ) ಪಡೆದು ಅದನ್ನು ಕೋರಿಕೆಯ ಹೆಡರಿನಲ್ಲಿ ಕಳುಹಿಸಿದರೆ ಒಂದು ಕೋರಿಕೆಗೆ 100 ಡೊಮೈನುಗಳವರೆಗೆ ಉತ್ತರ ಬರುತ್ತಿತ್ತು, ಅಂದರೆ ನಿಮ್ಮ ಇಡೀ ಪಟ್ಟಿಗೆ ಎರಡೇ ಕೋರಿಕೆ ಸಾಕು. ಆದರೆ ಇಲ್ಲಿಯೂ ಅದೇ ಸೊನ್ನೆ ಕಾದಿತ್ತು: ಅವರ ಸಂಗ್ರಹದಲ್ಲಿಲ್ಲದ ಡೊಮೈನಿಗೆ ಸ್ಥಿತಿಯ ಜಾಗದಲ್ಲಿ 404 (ಸಿಗಲಿಲ್ಲ) ಎಂದೂ, ಅಂಕದ ಜಾಗದಲ್ಲಿ 0 ಎಂದೂ ಬರುತ್ತಿತ್ತು. ಸ್ಥಿತಿಯನ್ನು ಮೊದಲು ಓದಿ, 404 ಇದ್ದರೆ ಕೋಶವನ್ನು ಖಾಲಿ ಬಿಡಿ. ಬಂದ ಜೇಸನ್ ಉತ್ತರವನ್ನು ದಿನಾಂಕದ ಹೆಸರಿನ ಕಡತದಲ್ಲಿ ಹಾಗೆಯೇ ಉಳಿಸಿಕೊಂಡರೆ, ಮುಂದೆ ಅನುಮಾನ ಬಂದಾಗ ಹಿಂದಿರುಗಿ ನೋಡಬಹುದು. ರಿಕ್ವೆಸ್ಟ್ಸ್ ತಾನಾಗಿ ಯಾವ ಕಾಲಮಿತಿಯನ್ನೂ ಹಾಕಿಕೊಳ್ಳುವುದಿಲ್ಲವಾದ್ದರಿಂದ ಟೈಮ್‌ಔಟ್ ಕೊಡಲು ಮರೆಯಬೇಡಿ. 429 (ಕೋರಿಕೆಗಳು ಅತಿಯಾದವು ಎಂಬ ಸೂಚನೆ) ಬಂದರೆ ಸ್ವಲ್ಪ ತಡೆದು ಮತ್ತೆ ಕೇಳಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದು ಸರಿ, ಆದರೆ ನನ್ನ ಸಮಯವೆಲ್ಲ ಹೋದದ್ದು ಅದಕ್ಕಿಂತ ಮೊದಲಿನ ಕೆಲಸದಲ್ಲಿ. ವಿಳಾಸಗಳನ್ನು ಡೊಮೈನುಗಳಾಗಿ ಇಳಿಸಲು ನಾನು ಟಿಎಲ್‌ಡಿ‌ಎಕ್ಸ್‌ಟ್ರಾಕ್ಟ್ ಎಂಬ ಲೈಬ್ರರಿಯನ್ನು ಬಳಸಿದೆ. ಅದನ್ನು ಇದ್ದಂತೆಯೇ ಬಳಸಿದರೆ ಬ್ಲಾಗ್‌ಸ್ಪಾಟಿನ ಎಲ್ಲ ಬ್ಲಾಗುಗಳೂ ಬ್ಲಾಗ್‌ಸ್ಪಾಟ್ ಡಾಟ್ ಕಾಮ್ ಎಂಬ ಒಂದೇ ಹೆಸರಿಗೆ ಇಳಿಯುತ್ತವೆ. ಪರಿಣಾಮವಾಗಿ, ನಾನು ಮತ್ತು ನನ್ನ ಇಬ್ಬರು ಗೆಳೆಯರು ಮಾತ್ರ ಓದುತ್ತಿದ್ದ ನನ್ನ ಕವಿತೆಗಳ ಬ್ಲಾಗು ಪಟ್ಟಿಯಲ್ಲಿ ದಿನಪತ್ರಿಕೆಗಳಿಗಿಂತ ಮೇಲೆ ಕುಳಿತಿತ್ತು. ಖಾಸಗಿ ಡೊಮೈನುಗಳನ್ನೂ (ಬ್ಲಾಗ್‌ಸ್ಪಾಟಿನಂತೆ ಹಲವರಿಗೆ ಉಪಡೊಮೈನ್ ಹಂಚುವವು) ಪರಿಗಣಿಸುವ ಆಯ್ಕೆಯನ್ನು ಆನ್ ಮಾಡಿದ ಮೇಲೆ ಅದು ತನ್ನ ಜಾಗಕ್ಕೆ ಮರಳಿತು. ಕಣಜದಂಥ ಸರ್ಕಾರಿ ತಾಣದ ವಿಷಯದಲ್ಲಿಯೂ ಎಚ್ಚರ ಬೇಕು. ಅದರ ವಿಳಾಸ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಅಡಿಯ ಉಪಡೊಮೈನ್, ಆದ್ದರಿಂದ ನೀವು ಕಾಣುವ ಅಂಕ ಕಣಜದ್ದಲ್ಲ, ಇಡೀ ಸರ್ಕಾರದ್ದಾಗಿರಬಹುದು. ಡಾಟ್ ಭಾರತ ಎಂದು ಕನ್ನಡ ಲಿಪಿಯಲ್ಲಿಯೇ ಮುಗಿಯುವ ವಿಳಾಸಗಳಿದ್ದರೆ ಪ್ಯೂನಿಕೋಡಿಗೆ (ಅದೇ ವಿಳಾಸದ ಇಂಗ್ಲಿಷ್ ಅಕ್ಷರಗಳ ರೂಪಕ್ಕೆ) ಬದಲಾಯಿಸಿ ಕಳುಹಿಸಿ.

ಮೂರನೆಯ ಉತ್ತರ

ಕೊಂಡಿಗಳ ಎಣಿಕೆಯ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮದೇ ತಾಣವಾದರೆ ಗೂಗಲ್ ಸರ್ಚ್ ಕನ್ಸೋಲಿನಲ್ಲಿ ಕೊಂಡಿಗಳ ವರದಿ ಸಿಗುತ್ತದೆ, ಆದರೆ ಅದರ ಎಪಿಐ ಆ ವರದಿಯನ್ನು ಕೊಡುವುದಿಲ್ಲ. ಸಿಎಸ್‌ವಿಯಾಗಿ ಕೈಯಿಂದ ಇಳಿಸಿಕೊಂಡು ಪಟ್ಟಿಗಳನ್ನು ನಿಭಾಯಿಸುವ ಲೈಬ್ರರಿಯಾದ ಪಾಂಡಾಸ್‌ನಲ್ಲಿ ತೆರೆಯಬೇಕು. ಬೇರೆಯವರ ತಾಣಗಳಿಗಾದರೆ ಮೆಜೆಸ್ಟಿಕ್ ಮಿಲಿಯನ್ ಎಂಬ ಉಚಿತ ಸಿಎಸ್‌ವಿಯಲ್ಲಿ ಕೊಂಡಿ ಕೊಟ್ಟ ಸಬ್‌ನೆಟ್‌ಗಳ (ಒಟ್ಟಿಗಿರುವ ಐಪಿ ವಿಳಾಸಗಳ ಗುಂಪುಗಳ) ಸಂಖ್ಯೆ ಇರುತ್ತದೆ. ಅದು ಮೊದಲ ಹತ್ತು ಲಕ್ಷ ತಾಣಗಳ ಪಟ್ಟಿಯಾದ್ದರಿಂದ ಸಣ್ಣ ಬ್ಲಾಗುಗಳು ಅದರಲ್ಲಿ ಸಿಗುವುದು ಕಷ್ಟ. ಕಾಮನ್ ಕ್ರಾಲ್ ಸಂಸ್ಥೆ ಡೊಮೈನ್ ಮಟ್ಟದ ವೆಬ್‌ಗ್ರಾಫನ್ನು (ಯಾವ ಡೊಮೈನಿನಿಂದ ಯಾವುದಕ್ಕೆ ಕೊಂಡಿ ಎಂಬ ನಕ್ಷೆ) ಬಿಡುಗಡೆ ಮಾಡುತ್ತದೆ. ಅಲ್ಲಿ ಹೆಸರುಗಳನ್ನು ಹಿಂದುಮುಂದಾಗಿ, ಕಾಮ್ ಮೊದಲು ಬರುವಂತೆ, ಬರೆದಿರುತ್ತಾರೆ ಎಂಬುದು ತಿಳಿಯದೆ ನಾನು ಒಂದು ಸಂಜೆ ಪೂರ್ತಿ ಏನೂ ಸಿಗಲಿಲ್ಲವೆಂದು ಹುಡುಕಿದ್ದೇನೆ. ಕಡತ ದೊಡ್ಡದು, ಮೆಮೊರಿಗೆ ತುಂಬಿಕೊಳ್ಳದೆ, ಕುಗ್ಗಿಸಿದ ಕಡತಗಳನ್ನು ತೆರೆಯುವ ಜಿಜಿಪ್‌ನಿಂದ ಸಾಲುಸಾಲಾಗಿ ಓದಿ.

ಇನ್ನೊಂದು ಮಾತು. ತಾಣಗಳಿಗೆ ಅಂಕ ಕೊಡುವ ಮತ್ತೊಂದು ಕಂಪನಿಯಾದ ಮೋಝ್‌ನ ಡೊಮೈನ್ ಅಥಾರಿಟಿ 1ರಿಂದ 100ರವರೆಗಿನ ಲಾಗರಿದಮಿಕ್ (ಮೇಲೇರಿದಂತೆ ಒಂದೊಂದು ಅಂಕವೂ ಕಠಿಣವಾಗುವ) ಅಳತೆ, ಓಪನ್ ಪೇಜ್‌ರ‍್ಯಾಂಕ್ 0ಯಿಂದ 10ರದ್ದು. ಎರಡನ್ನೂ ಒಂದೇ ಕಾಲಮಿನಲ್ಲಿ ಸೇರಿಸಿ ಸರಾಸರಿ ತೆಗೆಯಬೇಡಿ. ಇವೆರಡೂ ಗೂಗಲ್‌ನ ಅಂಕಗಳಲ್ಲ. ಗೂಗಲ್ ತನ್ನದೇ ಅಂಕವಾಗಿದ್ದ ಟೂಲ್‌ಬಾರಿನ ಪೇಜ್‌ರ‍್ಯಾಂಕನ್ನು 2016ರಲ್ಲಿಯೇ ಸಾರ್ವಜನಿಕರಿಂದ ಹಿಂತೆಗೆದುಕೊಂಡಿತು.

ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ವಿಳಾಸಗಳನ್ನು ಶುಚಿಗೊಳಿಸಿದ ಮೇಲೆ 163 ಡೊಮೈನುಗಳು ಉಳಿದವು, ಎರಡು ಕೋರಿಕೆಗಳಲ್ಲಿ ಉತ್ತರ ಬಂತು. ಇಪ್ಪತ್ತೊಂದಕ್ಕೆ 404 ಬಂದಿದೆ. ಆ ಕೋಶಗಳನ್ನು ಖಾಲಿಯಾಗಿಯೇ ಇಟ್ಟಿದ್ದೇನೆ.